ಫೋನಿನಲ್ಲಿ ಮಡಚಿದ ಮೊಣಕಾಲು

ಮೂವತ್ತು ವರ್ಷ ಬರೀ ಗಂಟಲಿನ ಬಲದಿಂದ ಉಂಡವನು ನಾನು. ಧಾರವಾಡದ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಮಕ್ಕಳು ಬಿಸಿಲಿನಲ್ಲಿ ಬಗ್ಗಿ ಏಳುತ್ತಿದ್ದರೆ ನಾನು ಬೇವಿನ ನೆರಳಿನಲ್ಲಿ ನಿಂತು ಎಣಿಸುತ್ತಿದ್ದೆ. "ಒಂಬತ್ತು" ಎಂದು ಅವರನ್ನು ಬಗ್ಗಿಸಿ ನಿಲ್ಲಿಸಿ, ಒಂದು ಬಶಿ ಚಹಾ ಕುಡಿದು ಬಂದು "ಹತ್ತು" ಎಂದದ್ದೂ ಉಂಟು. ಇಷ್ಟು ಕಡಿಮೆ ಬಳಸಿದ ಮೊಣಕಾಲು ಸವೆದದ್ದು ಹೇಗೆಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ಅಂತೂ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬಲಗಾಲಿಗೆ ಹೊಸ ಕೀಲು ಕೂಡಿಸಿದರು. ಅಲ್ಲಿ ವ್ಯಾಯಾಮ ಹೇಳಿಕೊಡುವ ಶಾಹೀನ್ ಎಂಬ ಹುಡುಗಿ, "ಕಾಕಾ, ದಿನಾ ಮುಂಜಾನೆ ಹತ್ತಕ್ಕ ಫೋನ್ ಮಾಡ್ತೇನ್ರಿ. ಕಾಲ ಮಡಚಿ ಜೋರಾಗಿ ಎಣಸ್ರಿ. ಆರು ವಾರದಾಗ ಮಡಚಲಿಲ್ಲಂದ್ರ, ಮದ್ದು ಕೊಟ್ಟು ಮಲಗಿಸಿ ಡಾಕ್ಟರೇ ಮಡಚ್ತಾರ" ಎಂದಳು. ಕೇಳಿಯೇ ಬೆವರಿದೆ.

ಆದರೆ ನೋವೆಂದರೆ ನೋವು! ಮೂರು ದಿನ ಮಾಡಿದೆ. ನಾಲ್ಕನೆಯ ದಿನ ಕಾಲನ್ನು ಸ್ಟೂಲಿನ ಮೇಲೆ ನೆಟ್ಟಗೆ ಚಾಚಿ, ಫೋನು ಕಿವಿಗಿಟ್ಟು, "ಒಂದು... ಎರಡು... ಅಯ್ಯಯ್ಯೋ... ಮೂರು" ಎಂದು ಶಾಲೆಯ ದನಿಯಲ್ಲಿ ಎಣಿಸಿದೆ. ಫೋನಿನಲ್ಲಿ ಮುಖ ಕಾಣದ ಕಾಲ ಅದು. "ಭಾಳ ಛಲೋ ಕಾಕಾ!" ಎಂದಳು ಹುಡುಗಿ. ನಡುವಿನ ಅಯ್ಯಯ್ಯೋ ನನ್ನ ಸ್ವಂತ ಸೇರ್ಪಡೆ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ಆರು ವಾರವೂ ಹೀಗೇ ಎಣಿಸಿ ತಪಾಸಣೆಗೆ ಹೋದೆವು. ಮೊದಲು ಮೊಣಕಾಲು ಹಿಡಿದುಕೊಂಡು ನರಳುತ್ತಿದ್ದ ನನ್ನ ಹೆಂಡತಿ ಸುಶೀಲಾ ಆಸ್ಪತ್ರೆಯ ಮೆಟ್ಟಿಲುಗಳನ್ನು ಟಕಟಕ ಹತ್ತಿಬಿಟ್ಟಳು. "ನಿಮ್ಮ ಎಣಿಕಿ ಕೇಳಿ, ಅಡಗಿ ಮನ್ಯಾಗ ಕಟ್ಟಿ ಹಿಡಕೊಂಡು ನಾನೂ ದಿನಾ ಮಡಚೇನಲ್ರಿ!" ಎಂದಳು. ನನ್ನನ್ನು ಇಬ್ಬರು ಎತ್ತಿ ತಂದರು. ಕಾಲು ಒನಕೆಯಂತೆ ನೆಟ್ಟಗೇ ಇತ್ತು. ನನ್ನನ್ನು ಮಲಗಿಸುವ ದಿನ ಗೊತ್ತುಮಾಡಲು ಡಾಕ್ಟರು ಡೈರಿ ತೆಗೆದರು. ಹೆದರಿ, ಬರೀ ಎಣಿಸಿದ್ದೇ ಹೊರತು ಮಡಚಿಲ್ಲವೆಂದು ಒಪ್ಪಿಕೊಂಡೆ.

ಶಾಹೀನ್ ಡಾಕ್ಟರನ್ನು ಬೇಡಿಕೊಂಡು ಎರಡು ವಾರದ ಗಡುವು ಕೊಡಿಸಿದಳು. ಆಮೇಲೆ ಸುಶೀಲೆಗೆ, "ಕಾಕೂ, ಇನ್ನ ಫೋನು ನೀವ ಹಿಡೀರಿ. ಎಣಸೋದೂ ನೀವ" ಎಂದಳು.

ಮರುದಿನ ಸುಶೀಲಾ ಎದುರಿಗೇ ಕೂತು ಎಣಿಸಿದಳು. ಈಗ ಅಯ್ಯಯ್ಯೋ ಖರೇ ಆಗಿತ್ತು. "ಒಂಬತ್ತು" ಎಂದವಳೇ ಒಲೆಯ ನೆನಪಾಗಿ ಎದ್ದು ಹೋದಳು.

"ಏ, ಹತ್ತು ಅನ್ನ ಲಗೂ! ಜೀವಾ ಹೊಂಟೈತಿ!"

"ತಡೀರಿ, ಬಿಡಬ್ಯಾಡ್ರಿ. ಚಹಾ ಸೋಸಾಕತ್ತೇನಿ."

ಮಡಚಿದ ಕಾಲು ಹಿಡಿದು ಕೂತೇ ಇದ್ದೆ. ಅವಳು ಬಶಿಗೆ ಚಹಾ ಸುರಿದು, ಊದಿ, ನಿಧಾನ ಕುಡಿಯುವುದು ಬಾಗಿಲಿನಿಂದ ಕಾಣುತ್ತಿತ್ತು. ಸದ್ಯ, ನನ್ನ ಹಳೆಯ ವಿದ್ಯಾರ್ಥಿಗಳಾರೂ ಆಗ ಮನೆಗೆ ಬಂದಿರಲಿಲ್ಲ.