ಸಣ್ಣ ಮಾವನ ಗಾಜಿನ ಕೊಳವೆಗಳು

ನಮ್ಮ ಸಣ್ಣ ಮಾವನಷ್ಟು ಎಲ್ಲರನ್ನೂ ನಂಬುವ ಮನುಷ್ಯರನ್ನು ನಾನು ಬೇರೆ ನೋಡಿಲ್ಲ. ಮುದ್ದೇಬಿಹಾಳದ ಬಸ್ಸು ಹತ್ತಕ್ಕೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ಒಂಬತ್ತೂವರೆಗೇ ಹೋಗಿ ನಿಲ್ಲುತ್ತಿದ್ದರು! ಹಾಲಿನವಳನ್ನು ನಂಬುತ್ತಿದ್ದರು. ಸಂಜೆ ಮಳೆ ಬರುತ್ತದೆ ಎನ್ನುವ ರೇಡಿಯೋವನ್ನು ನಂಬಿ ಬಿರುಬಿಸಿಲಲ್ಲಿ ಕೊಡೆ ಹಿಡಿದು ಹೊರಡುತ್ತಿದ್ದರು. ಜೀವಮಾನದಲ್ಲಿ ಅವರು ನಂಬದೇ ಉಳಿದದ್ದು ಒಂದನ್ನೇ. ಗಾಳಿಯನ್ನು!

ಹೌದು, ನಾವು ನೀವು ದಿನಾ ಯೋಚನೆಯಿಲ್ಲದೆ ಒಳಗೆಳೆದುಕೊಂಡು ಹೊರಗೆ ಬಿಡುತ್ತೇವಲ್ಲ, ಅದೇ ಗಾಳಿ. ಸಣ್ಣ ಮಾವನ ಪ್ರಕಾರ ಅದರಷ್ಟು ಕಪಟಿ ಬೇರೆ ಇಲ್ಲ.

ಸಣ್ಣ ಮಾವ ಎಂದರೆ ನನ್ನ ಮಾವನವರ ಒಬ್ಬನೇ ತಮ್ಮ. ಹರೆಯದಲ್ಲೇ ನಮ್ಮೂರು ಮಸೂತಿಯನ್ನು ಬಿಟ್ಟು ಮಹಾರಾಷ್ಟ್ರದ ಕಡೆ ಯಾವುದೋ ರಾಸಾಯನಿಕ ಕಾರ್ಖಾನೆ ಸೇರಿದವರು. ಸಣ್ಣತ್ತೆ ಬೇಗ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಅಲ್ಲಿ ಅವರ ಕೆಲಸವೆಂದರೆ, ಕೂಲಿಯವರು ದೊಡ್ಡ ದೊಡ್ಡ ಟ್ಯಾಂಕುಗಳ ಒಳಗೆ ಇಳಿಯುವ ಮೊದಲು ಅಲ್ಲಿನ ಗಾಳಿ ಅಳೆದು 'ಇಳೀರಿ' ಅಥವಾ 'ಬ್ಯಾಡ' ಎಂದು ಹೇಳುವುದು. ತೊಂಬತ್ತರ ದಶಕದ ನಡುವೆ ಕಾರ್ಖಾನೆಗೆ ಗುಂಡಿ ಒತ್ತಿದರೆ ಅಂಕಿ ತೋರಿಸುವ ಹೊಸ ಯಂತ್ರಗಳು ಬಂದವು. ಇವರು ನಿವೃತ್ತಿ ತೆಗೆದುಕೊಂಡು ಊರಿಗೆ ಬಂದರು. ಜೊತೆಗೆ ಒಂದು ಹಾಸಿಗೆ ಸುರುಳಿ, ಒಂದು ಟ್ರಂಕು, ಮತ್ತು ಸಾಹೇಬರನ್ನು ಕೇಳಿ ತಂದ ಕಟ್ಟಿಗೆಯ ಪೆಟ್ಟಿಗೆ.

ಆ ಪೆಟ್ಟಿಗೆಯಲ್ಲಿ ಅಂಗೈಗೆ ಹಿಡಿಯುವಷ್ಟು ದೊಡ್ಡದಾದ ಒಂದು ಕಪ್ಪು ರಬ್ಬರಿನ ಕೈಪಂಪು, ಒಂದು ಉದ್ದ ನಳಿಕೆ, ಸಾಲಾಗಿ ಮಲಗಿಸಿದ ಗಾಜಿನ ಕೊಳವೆಗಳು. ಕೊಳವೆಗಳು ಪೆನ್ಸಿಲ್ಲಿಗಿಂತ ತೆಳ್ಳಗೆ, ಎರಡೂ ತುದಿ ಮುಚ್ಚಿದ್ದವು. ಒಳಗೆ ಪುಡಿ, ಮೇಲೆ ಗೆರೆಗಳು. ಎರಡೂ ತುದಿ ಚಿಟಕ್ಕೆಂದು ಮುರಿಯಬೇಕು, ಪಂಪಿಗೆ ಸಿಕ್ಕಿಸಬೇಕು, ಒತ್ತಿ ಬಿಡಬೇಕು. ಪಂಪು ನಿಧಾನಕ್ಕೆ ಅರಳುತ್ತಾ ಕೊಳವೆಯ ಮೂಲಕ ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿಯಲ್ಲಿ ಕೆಟ್ಟ ಅನಿಲ ಇದ್ದರೆ ಪುಡಿಯ ಬಣ್ಣ ತಿರುಗುತ್ತದೆ. ಬಣ್ಣ ಯಾವ ಗೆರೆಯವರೆಗೆ ಬಂತೋ ಅಷ್ಟು ಅನಿಲ! ಒಂದೊಂದು ಅನಿಲಕ್ಕೆ ಒಂದೊಂದು ಜಾತಿಯ ಕೊಳವೆ, ಬಣ್ಣ ತಿರುಗಿದ ಮೇಲೆ ಅದರ ಕಥೆ ಮುಗಿಯಿತು. ಅವುಗಳ ಮೇಲೆ ಅಚ್ಚಾದ ಅವಧಿಯೂ ಮುಗಿಯಲು ಬಂದಿತ್ತು. ಆದರೆ ಅವಧಿ ಮುಗಿಯಿತೆಂದು ಸುಮ್ಮನೆ ಕೂರುವ ಗಿರಾಕಿಯೇ ನಮ್ಮ ಸಣ್ಣ ಮಾವ?

ಮೊದಲ ಪ್ರಯೋಗ ನಡೆದದ್ದು ಅತ್ತೆಯ ಅಡುಗೆಮನೆಯಲ್ಲಿ. ನಾನು ಸೊಸೆಯಾಗಿ ಬರುವ ಮುಂಚಿನ ಕಥೆ ಇದು, ಅತ್ತೆಯೇ ಹೇಳಿದ್ದು. ಅವರು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಮೈದುನ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪಂಪು ಒತ್ತತೊಡಗಿದರಂತೆ.

"ಏನ್ ಮಾಡಾಕತ್ತೀಯೋ?"

"ನಿನ್ನ ಒಲಿ ಗಾಳಿ ನೋಡಾಕತ್ತೇನಿ, ವೈನಿ."

"ನೋಡೂದೇನೈತಿ ಅದರಾಗ? ನಲವತ್ತು ವರ್ಷ ಆತು, ಕಣ್ಣಾಗ ನೀರು ಬರತೈತಿ. ಅದಕ್ಕ ಕೊಳವಿ ಬೇಕೇನು?"

ಕೊಳವೆಯ ಬಣ್ಣ ತಿರುಗಿತು. ಸಣ್ಣ ಮಾವ ಮರುದಿನವೇ ಗೌಂಡಿಯನ್ನು ಕರೆತಂದು ಎರಡು ಮೊಳ ದಪ್ಪದ ಮಣ್ಣಿನ ಗೋಡೆ ಒಡೆಸಿ ಕಿಟಕಿ ಇಡಿಸಿದರು. ಹೊಗೆ ಹೊರಗೆ ಹೋಯಿತು, ಓಣಿಯ ಬೆಕ್ಕುಗಳೆಲ್ಲ ಒಳಗೆ ಬಂದವು! ಅತ್ತೆ ಆರು ತಿಂಗಳು ಮೊಸರಿನ ಗಡಿಗೆಯ ಮೇಲೆ ಬೀಸುವ ಕಲ್ಲು ಹೇರಿಟ್ಟರಂತೆ. ಆದರೆ ಆ ಕಿಟಕಿಯನ್ನು ಮಾತ್ರ ಯಾರಿಗೂ ಮುಚ್ಚಲು ಬಿಡಲಿಲ್ಲ.

ಬಸವನ ಬಾಗೇವಾಡಿಯ ಬಸ್ಸಿನಲ್ಲೂ ಅಷ್ಟೇ. ಹಿಂದಿನ ಸೀಟಿನಲ್ಲಿ ಕೂತು ಪಂಪು ತೆಗೆದರೆ ಇಡೀ ಬಸ್ಸು ತಿರುಗಿ ನೋಡಬೇಕು. ಕಂಡಕ್ಟರಿಗೆ ಕುತೂಹಲ.

"ಏನ್ ಬಂತ್ರಿ ಯಜಮಾನ್ರ?"

"ಡೀಸೆಲ್ ಹೊಗಿ ಭಾಳ ಐತ್ರಿ. ಈ ಜಾಗಾದಾಗ ಅರ್ಧ ತಾಸಿಗಿಂತ ಹೆಚ್ಚು ಕುಂದ್ರಬಾರದು."

"ನಾ ಇಪ್ಪತ್ತು ವರ್ಷದಿಂದ ಕುಂತೇ ಇಲ್ಲ ಬಿಡ್ರಿ. ಮುಂದ ಸರೀರಿ, ಮುಂದ ಸರೀರಿ!"

ಇನ್ನು ನನ್ನ ಕಥೆಗೆ ಬರುತ್ತೇನೆ. ನನ್ನ ತವರು ಮುದ್ದೇಬಿಹಾಳ. ಮಾರುಕಟ್ಟೆ ಅಂಗಳದ ಎದುರು ನಮ್ಮಪ್ಪನ ಬೀಜ-ಗೊಬ್ಬರದ ಅಂಗಡಿ. ನಾನು ಪಿಯುಸಿಯಲ್ಲಿ ವಿಜ್ಞಾನ ಓದಿ ಮನೆಯಲ್ಲಿದ್ದೆ. ಮಸೂತಿಯಿಂದ ನನ್ನನ್ನು ನೋಡಲು ನಾಲ್ಕು ಜನ ಬಂದರು: ಹುಡುಗ, ಅವನ ಅಪ್ಪ ಅವ್ವ, ಮತ್ತು ಕಟ್ಟಿಗೆ ಪೆಟ್ಟಿಗೆ ಹಿಡಿದ ಒಬ್ಬ ಕಾಕಾ. ಪೆಟ್ಟಿಗೆಯಲ್ಲಿ ಸೀರೆ ಇರಬೇಕೆಂದು ನಮ್ಮವ್ವ ಖುಷಿಪಟ್ಟಳು.

ಉಪ್ಪಿಟ್ಟು ಮುಗಿಯುವ ಹೊತ್ತಿಗೆ ಕಾಕಾ ಮಾಯ! ಹುಡುಕುತ್ತಾ ನಮ್ಮಪ್ಪ ಹಿತ್ತಿಲಿಗೆ ಹೋದರೆ, ಹೊಸದಾಗಿ ಕಟ್ಟಿಸಿದ ಪಾಯಖಾನೆಯ ಗುಂಡಿಯ ಪಕ್ಕ ಬೋರಲು ಮಲಗಿ, ಕಲ್ಲಿನ ಸಂದಿಯಲ್ಲಿ ಕೊಳವೆ ಇಳಿಬಿಟ್ಟು ಇವರು ಗಾಳಿ ಎಳೆಯುತ್ತಿದ್ದಾರೆ. ನಮ್ಮಪ್ಪನ ಮುಖ ನೋಡಬೇಕಿತ್ತು. ಬೀಗರಾಗಬೇಕಾದವರು ಪಾಯಖಾನೆಯ ಹತ್ತಿರ ಮಲಗಿದರೆ ಏನು ಹೇಳುವುದು? ಏಳಿ ಎನ್ನುವುದೋ, ದಿಂಬು ತರಲೇ ಎನ್ನುವುದೋ?

ಕಾಕಾ ಧೂಳು ಕೊಡವಿಕೊಂಡು ಪಡಸಾಲೆಗೆ ಬಂದು ಬೆಳ್ಳಗೇ ಉಳಿದ ಕೊಳವೆಯನ್ನು ಎತ್ತಿ ತೋರಿಸಿದರು.

"ಮನಿತನ ಸ್ವಚ್ಛ ಐತ್ರಿ!"

ಪರದೆಯ ಹಿಂದೆ ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಚಹಾ ತಂದಿಟ್ಟಾಗ ಹುಡುಗನ ಅಪ್ಪ, ಅಂದರೆ ನಮ್ಮ ದೊಡ್ಡ ಮಾವನವರು, ಮಗನನ್ನು ತೋರಿಸಿ, "ಏನರ ಕೇಳೂದಿದ್ರ ಕೇಳವ್ವಾ, ನಾಚಬ್ಯಾಡ" ಎಂದರು. ನಾನು ಹುಡುಗನನ್ನು ಬಿಟ್ಟು ಕಾಕಾನ ಕಡೆ ತಿರುಗಿದೆ.

"ಕೆಟ್ಟ ಗಾಳಿ ಇದ್ರ ಅದು ಯಾವ ಬಣ್ಣಕ್ಕ ತಿರುಗತೈತ್ರಿ?"

ನಮ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾಕಾನ ಮುಖ ಮಾತ್ರ ಅರಳಿತು. ಬೇರೆ ಜಾತಿಯ ಒಂದು ಕೊಳವೆ ತೆಗೆದರು. ನನ್ನ ಕೈಗೊಂದು ಪ್ಲಾಸ್ಟಿಕ್ ಚೀಲ ಕೊಟ್ಟು, "ಇದರಾಗ ಊದವ್ವಾ" ಎಂದರು. ಊದಿದೆ. ಚೀಲದ ಬಾಯಿ ಮುಷ್ಟಿಯಲ್ಲಿ ಹಿಡಿದು, ಕೊಳವೆ ಸಿಕ್ಕಿಸಿ, ಪಂಪು ಒತ್ತಿ ಬಿಟ್ಟರು. ಬಿಳಿಯ ಪುಡಿಯಲ್ಲಿ ನೇರಳೆ ಬಣ್ಣ ಮೆಲ್ಲಗೆ ತೆವಳಿಕೊಂಡು ಮುಂದೆ ಬಂದು ನಾಲ್ಕರ ಗೆರೆಗೆ ನಿಂತಿತು.

"ನಾವು ಬಿಟ್ಟ ಉಸಿರಿನ್ಯಾಗ ಇರೂ ಗಾಳಿ ಇದು. ನೂರಕ್ಕ ನಾಕು. ಉಸಿರು ಬರೋಬ್ಬರಿ ಐತಿ. ಹುಡುಗಿ ಪಾಸ್!"

ಬೇರೆಯವರಿಗೆ ಹಾಡು ಹಾಡಿಸುತ್ತಾರೆ, ನಡೆಸಿ ನೋಡುತ್ತಾರೆ. ಚೀಲದಲ್ಲಿ ಊದಿ ಪಾಸಾದವಳು ನಾನೊಬ್ಬಳೇ ಇರಬೇಕು! ವಾಪಸು ಹೋಗುವಾಗ ಬಸ್ಸಿನಲ್ಲಿ ನಡೆದ ಮಾತನ್ನು ನಮ್ಮ ಮನೆಯವರು ಮದುವೆಯಾದ ಮೇಲೆ ಹೇಳಿದರು. ಆ ಜಾತಿಯ ಕೊಳವೆ ಉಳಿದದ್ದು ಎರಡೇ ಎರಡಂತೆ.

"ಎರಡ ಅದಾವು ಅಂತಿದ್ದಿ. ಒಂದನ್ನ ಹುಡುಗಿ ಉಸಿರಿಗೆ ಹಾಳು ಮಾಡಿದೇನು?" ಎಂದು ದೊಡ್ಡ ಮಾವ ಬೈದರಂತೆ.

"ಕೇಳಿದ್ಲು ಅಣ್ಣಾ. ಇಷ್ಟು ವರ್ಷದಾಗ ಒಬ್ಬರೂ ಕೇಳಿರಲಿಲ್ಲ" ಎಂದು ಸಣ್ಣ ಮಾವ ಕಿಟಕಿಯ ಹೊರಗೆ ನೋಡುತ್ತಾ ಕೂತರಂತೆ.

ಮದುವೆಯಾಗಿ ಎರಡನೆಯ ವರ್ಷ. ದಸರೆ ಹತ್ತಿರ ಬಂದಿತ್ತು, ನಾನು ಐದು ತಿಂಗಳ ಬಸುರಿ. ಮನೆಯಲ್ಲಿ ಜೋಳ ತೀರಿತ್ತು, ಹಗೇವು ತೆಗೆಯಬೇಕಿತ್ತು. ಹಗೇವು ಎಂದರೆ ನೆಲದಡಿಯ ಕಣಜ. ಹೊಟ್ಟೆ ಅಗಲ, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ. ಜೋಳ ತುಂಬಿ, ಕಲ್ಲು ಮುಚ್ಚಿ, ಮೇಲೆ ಮಣ್ಣು ಹಾಕಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಒಳಗಿನ ಕಾಳೂ ನಮ್ಮ ಹಾಗೇ ಉಸಿರಾಡುತ್ತದೆ, ಅದು ಬಿಟ್ಟ ಕೆಟ್ಟ ಗಾಳಿ ತಳದಲ್ಲಿ ಕೂತಿರುತ್ತದೆ. ಅದಕ್ಕೇ ನಮ್ಮ ಕಡೆ ಬಾಯಿ ತೆರೆದು ಒಂದಷ್ಟು ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ಕಂದೀಲು ಉರಿದರೆ ಇಳಿಯಬಹುದು, ಆರಿದರೆ ಕೂಡದು. ನಮ್ಮ ಮನೆಯ ಕಂದೀಲಿನ ಹಗ್ಗಕ್ಕೆ ಒಂದು ಗಂಟು ಇತ್ತು, ಅಜ್ಜನ ಕಾಲದ್ದು. ಗಂಟಿನವರೆಗೆ ಬಿಡುವುದು, ನೋಡುವುದು, ಇಳಿಯುವುದು. ಆ ದಿನವೂ ಕಂದೀಲು ಚೆನ್ನಾಗಿ ಉರಿಯಿತು. ನಮ್ಮ ಮನೆಯವರು ಸೊಂಟಕ್ಕೆ ಹಗ್ಗ ಬಿಗಿದು ಎರಡೂ ಕಾಲು ಒಳಗೆ ಬಿಟ್ಟು ಕೂತರು.

ಅಷ್ಟರಲ್ಲಿ ಸಣ್ಣ ಮಾವ ಪೆಟ್ಟಿಗೆ ಹಿಡಿದು ಓಡಿಬಂದರು.

"ತಡಿ! ನಾ ನೋಡೂತನಕ ಇಳೀಬ್ಯಾಡ!"

"ಕಂದೀಲು ಉರೀತೋ ಮಾರಾಯಾ," ದೊಡ್ಡ ಮಾವನಿಗೆ ರೇಗಿತು. "ಇನ್ನ ಆ ಅವಧಿ ಮುಗಿದ ಕೊಳವಿ ತಗೊಂಡು ಏನ್ ನೋಡ್ತಿ?"

ಸಣ್ಣ ಮಾವ ಕೇಳಿಸಿಕೊಳ್ಳಲಿಲ್ಲ. ನನ್ನಿಂದ ಅಡುಗೆಮನೆಯ ಸೌಟು ತರಿಸಿದರು. ಉಳಿದ ಒಂದೇ ಒಂದು ಕೊಳವೆಯ ತುದಿಗಳನ್ನು ಮುರಿದು ನಳಿಕೆಗೆ ಸಿಕ್ಕಿಸಿ, ಭಾರಕ್ಕೆಂದು ಸೌಟಿಗೆ ಕಟ್ಟಿದರು. ನೆಲದ ಮೇಲೆ ಬೋರಲು ಮಲಗಿ ನಳಿಕೆ ಇಳಿಬಿಟ್ಟರು. ಇಳಿಯಿತು, ಇಳಿಯಿತು, ಸೌಟು ಕಾಳಿಗೆ ಮುಟ್ಟುವ ಹೊತ್ತಿಗೆ ಕೈಯಲ್ಲಿ ಗೇಣು ನಳಿಕೆ ಉಳಿದಿತ್ತು. ಪಂಪನ್ನು ನನ್ನ ಕೈಗಿಟ್ಟು, ತಾವು ಎರಡೂ ಕೈಯಿಂದ ನಳಿಕೆ ಹಿಡಿದುಕೊಂಡರು.

"ನೀ ಒತ್ತವ್ವಾ. ಪೂರ್ತಿ ಒತ್ತು, ಪೂರ್ತಿ ಬಿಡು. ಅವಸರ ಮಾಡಬ್ಯಾಡ."

ನಾನು ಒತ್ತಿದೆ. ಪಂಪು ಅರಳುವುದಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆಂದು ನನಗೆ ಯಾವತ್ತೂ ಅನಿಸಿರಲಿಲ್ಲ. "ಒಂದು" ಎಂದರು. ಮತ್ತೆ ಒತ್ತಿದೆ. "ಎರಡು." ಎದುರಿಗೆ ಹಗೇವಿನ ಬಾಯಲ್ಲಿ ಕಾಲಾಡಿಸುತ್ತಾ ನಮ್ಮ ಮನೆಯವರು ನನ್ನನ್ನು ನೋಡಿ ನಗುತ್ತಿದ್ದರು. ನಳಿಕೆ ಉದ್ದ ಎಂದು ಸಣ್ಣ ಮಾವ ಐದರವರೆಗೆ ಎಣಿಸಿ ಮೇಲೆ ಎಳೆದರು. ಕೊಳವೆಯಲ್ಲಿ ಬಿಳಿ ಅನ್ನುವುದೇ ಉಳಿದಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ನೇರಳೆ!

"ಮ್ಯಾಲೆ ಬಾ," ಎಂದರು ಅಣ್ಣನ ಮಗನಿಗೆ.

"ಹಳೇ ಕೊಳವಿ ಏನರ ಹೇಳತೈತಿ. ಕಂದೀಲು ಸುಳ್ಳ ಹೇಳತೈತೇನು?" ದೊಡ್ಡ ಮಾವ ಬಿಡಲಿಲ್ಲ. ಅಣ್ಣ ತಮ್ಮಂದಿರ ಜಗಳ ಜೋರಾಯಿತು. ನಾನು ಹಗ್ಗದ ಗಂಟನ್ನೂ ನಳಿಕೆಯ ಉದ್ದವನ್ನೂ ನೋಡಿದೆ. ಗಂಟು ಒಂದಾಳುದ್ದಕ್ಕಿತ್ತು, ನಳಿಕೆ ಇಳಿದದ್ದು ಎರಡಾಳು. ಹೆಂಗಸು ನಡುವೆ ಬಾಯಿ ಹಾಕಬಾರದೆಂದು ಗೊತ್ತಿದ್ದೂ ಕೇಳಿಬಿಟ್ಟೆ.

"ಮಾವಾರ, ಕಂದೀಲು ಕಾಳಿಗೆ ಮುಟ್ಟಿತ್ತೇನ್ರಿ?"

ಮುಂಗಾರು ಬಿತ್ತನೆಯ ಮುಂಚೆ ಅರ್ಧ ಜೋಳ ತೆಗೆದು ಹಗೇವು ಮತ್ತೆ ಮುಚ್ಚಿದ್ದರು. ಗಂಟು ಮಾತ್ರ ತುಂಬಿದ ಹಗೇವಿನ ಗಂಟಾಗಿಯೇ ಉಳಿದಿತ್ತು. ದೊಡ್ಡ ಮಾವ ತಾವೇ ಕಂದೀಲು ಹಚ್ಚಿ ಗಂಟು ದಾಟಿಸಿ ಇಳಿಬಿಟ್ಟರು. ಗಂಟಿನ ಕೆಳಗೆ ಒಂದು ಮೊಳ ಹೋಗುವಷ್ಟರಲ್ಲಿ ದೀಪ ಸಣ್ಣಗಾಯಿತು, ಮತ್ತೊಂದು ಮೊಳಕ್ಕೆ ಆರಿಹೋಯಿತು.

ನಮ್ಮ ಮನೆಯವರು ಒಂದೊಂದಾಗಿ ಕಾಲು ಮೇಲೆ ತೆಗೆದುಕೊಂಡರು. ದೊಡ್ಡ ಮಾವ ಅಲ್ಲೇ ಮಣ್ಣಿನ ಮೇಲೆ ಕೂತು, ಹಗ್ಗದ ಗಂಟನ್ನು ಉಗುರಿನಿಂದ ಬಿಚ್ಚತೊಡಗಿದರು. ಆಮೇಲೆ ಎರಡು ದಿನ ಬೇವಿನ ಟೊಂಗೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಬದಲಿಸಿದರು. ಕಂದೀಲು ಕಾಳಿನ ಮೇಲೇ ಕೂತು ಉರಿದ ನಂತರ, ತಮ್ಮ 'ಇಳೀಲಿ' ಎಂದ ಮೇಲೆ, ಅಣ್ಣ ಮಗನನ್ನು ಇಳಿಸಿದರು.

ಮುಂದೆ ಜೋಳವನ್ನು ಚೀಲಗಳಲ್ಲೇ ಇಡುವ ಕಾಲ ಬಂತು, ಹಗೇವುಗಳನ್ನು ಮುಚ್ಚಿದರು. ಸಣ್ಣ ಮಾವನ ಕೊಳವೆಗಳೆಲ್ಲ ತೀರಿದವು, ಆದರೂ ಖಾಲಿ ಪಂಪು ಒತ್ತುತ್ತಾ ಓಣಿಯಲ್ಲಿ ತಿರುಗುವುದನ್ನು ಬಿಡಲಿಲ್ಲ. ನನ್ನ ಮಗಳಿಗೆ ಎಣಿಕೆ ಕಲಿಸಿದ್ದು ಆ ಪಂಪಿನಿಂದಲೇ. ಅವಳಿಗೆ ಏಳು ತುಂಬಿದ ವರ್ಷ ಒಂದು ಬೆಳಿಗ್ಗೆ ಚಹಾ ಕುಡಿದು ಮಲಗಿದವರು ಏಳಲಿಲ್ಲ.

ದಿನಕರ್ಮ ಮುಗಿದ ಮೇಲೆ ನಾವಿಬ್ಬರೂ ಅವರ ಪೆಟ್ಟಿಗೆ ತೆರೆದೆವು. ಬಳಸಿ ಮುಗಿದ ಕೊಳವೆ ಒಂದನ್ನೂ ಅವರು ಎಸೆದಿರಲಿಲ್ಲ! ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿದ್ದರು. 'ವೈನಿ ಒಲಿ', ಅದರ ಅಳತೆ. 'ಬಾಗೇವಾಡಿ ಬಸ್ಸು', ಅದರ ಅಳತೆ. 'ಬೀಗರ ಪಾಯಖಾನಿ, ಇಲ್ಲ.' ನಾವು ಓದುತ್ತಾ ನಕ್ಕೆವು. ತಳದಲ್ಲಿ ಹತ್ತಿಯಲ್ಲಿ ಸುತ್ತಿಟ್ಟ ಎರಡು ಕೊಳವೆಗಳಿದ್ದವು, ಬಣ್ಣ ಮಾಸಿಹೋಗಿತ್ತು. ಒಂದರ ಚೀಟಿಯಲ್ಲಿ 'ಸೊಸಿ ಉಸಿರು, ನೂರಕ್ಕೆ ನಾಕು' ಎಂದಿತ್ತು. ಇನ್ನೊಂದನ್ನು ನಮ್ಮ ಮನೆಯವರು ಬೆಳಕಿಗೆ ಹಿಡಿದು ಓದಿದರು, ಓದಿ ನನ್ನ ಕೈಗಿಟ್ಟು ಎದ್ದು ಅಂಗಳಕ್ಕೆ ಹೋದರು.

ಅದರಲ್ಲಿ ಅಳತೆಯೇ ಇರಲಿಲ್ಲ. 'ಮಗ ಇಳೀಲಿಲ್ಲ' ಎಂದಷ್ಟೇ ಬರೆದಿದ್ದರು.