ಮಾವನವರ ಎದುರು ಎದ್ದ ಅಣಬೆ

ಹೆಣ್ಣು ನೋಡಲು ಹೋದಲ್ಲಿ ನಾನು ಒಂದೇ ಒಂದು ಮಾತು ಹೇಳಿ, ಆಗುವ ಮದುವೆಯನ್ನು ಕೆಡಿಸಿಕೊಳ್ಳುವುದರಲ್ಲಿದ್ದೆ. ಏನು ಹೇಳಿರಬಹುದು, ಅಂದಾಜು ಮಾಡಿ ನೋಡುವ. ಸಂಬಳದ ಮಾತಲ್ಲ, ಜಾತಕದ್ದೂ ಅಲ್ಲ. ಅಣಬೆಯ ಮಾತು. ಬಿ.ಎಸ್ಸಿ. ಮಾಡಿ ಮೂಡಬಿದ್ರೆಯಲ್ಲಿ ವಿಜ್ಞಾನದ ಮಾಸ್ಟ್ರಾದವನಿಗೆ ಇಂಥವು ಆಗುತ್ತಲೇ ಇರುತ್ತವೆ.

೧. ಕಡಿದವರು ಯಾರು?

ಹುಡುಗಿಯ ಮನೆ ಸಿದ್ಧಕಟ್ಟೆಯಲ್ಲಿ. ಅವಳ ತಂದೆ ಯಕ್ಷಗಾನ ಮೇಳದಲ್ಲಿ ರಾಕ್ಷಸ ವೇಷ ಮಾಡುವವರು. ಅವರು ಒಮ್ಮೆ ಆರ್ಭಟ ಕೊಟ್ಟರೆ ಎದುರು ಕೂತ ಮಕ್ಕಳು ಮಾತ್ರವಲ್ಲ, ಮಕ್ಕಳ ಅಪ್ಪಂದಿರೂ ಹಿಂದೆ ಸರಿಯುತ್ತಿದ್ದರು.

"ಕಾಲೇಜಿನಲ್ಲಿ ಏನು ಕಲಿತಿರಿ ಮಾಸ್ಟ್ರೆ?" ಎಂದರು.

ನನ್ನ ಬಾಯಿ ಒಮ್ಮೆ ತೆರೆದರೆ ಮುಚ್ಚುವಂಥದ್ದಲ್ಲ. ಶುರು ಮಾಡಿದೆ: ನಲವತ್ತು ಕೋಟಿ ವರ್ಷದ ಹಿಂದೆ ನೆಲದ ಮೇಲೆ ಮರವೇ ಇರಲಿಲ್ಲ, ಗಿಡವೆಂದರೆ ಪಾದ ಮುಚ್ಚುವಷ್ಟು. ಅದರ ನಡುವೆ ಎಳೆ ತೆಂಗಿನ ಮರದಷ್ಟು ಎತ್ತರಕ್ಕೆ, ಕೊಂಬೆಯಿಲ್ಲದ ಎಲೆಯಿಲ್ಲದ ಕಂಬಗಳು ನಿಂತಿದ್ದವು. ಅದು ಪಾಚಿ ಎಂದು ಹೆಚ್ಚಿನವರು, ಅಲ್ಲ ಅಣಬೆಯೇ ಎಂದು ನಮ್ಮ ಲೆಕ್ಚರರು. ಆ ಜಗಳ ಇವತ್ತಿಗೂ ಮುಗಿದಿಲ್ಲ.

ಹುಡುಗಿಯ ತಂದೆಯ ಕೈಯಲ್ಲಿದ್ದ ಕಾಫಿ ಲೋಟ ಅಲ್ಲಿಗೇ ನಿಂತಿತು. "ಅದನ್ನು ಕಡಿದವರು ಯಾರು?"

"ಯಾರೂ ಕಡಿಯಲಿಲ್ಲ. ಆಗ ಮನುಷ್ಯರೇ ಇರಲಿಲ್ಲ."

"ಕಡಿಯಲಿಲ್ಲ ಎಂದರೆ ಬುಡ ಇನ್ನೂ ನೆಲದಡಿ ಉಂಟು" ಎಂದು ಕಾಲನ್ನು ಮೇಲೆತ್ತಿ ಮಂಚದ ಮೇಲಿಟ್ಟರು. ಒಪ್ಪಿಗೆಯ ಮಾತು ಮಳೆಗಾಲದ ಮುಂಚಿನ ಪತ್ತನಾಜೆಯವರೆಗೆ ಮುಂದಕ್ಕೆ ಹೋಯಿತು. ಆ ದಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲವೂ ನಿಲ್ಲುತ್ತದೆ.

೨. ಹೊಸ ಕುಣಿತ

ಬೆಳುವಾಯಿಗೆ ಹುಡುಗಿಯ ತಂದೆಯ ಮೇಳ ಬಂದಾಗ, ಅವರನ್ನು ಸಂತೋಷಪಡಿಸುವ ಎಂದು ವೇಷ ಕಟ್ಟುವ ಚೌಕಿಗೇ ಹೋದೆ. ಅರ್ಧ ಮುಖಕ್ಕೆ ಬಣ್ಣ ಆಗಿತ್ತು. ನನಗೆ ಹೆದರಿಕೆ. ನನ್ನನ್ನು ಕಂಡು ಅವರಿಗೂ ಹೆದರಿಕೆ.

"ಮಾಸ್ಟ್ರೆ, ಆ ಕಂಬಕ್ಕೆ ಬಾಯಿ ಉಂಟಾ?"

"ಇಲ್ಲ. ನೂಲಿನಂಥ ಎಳೆಗಳನ್ನು ಮಣ್ಣಿನಡಿ ಹರಡಿ, ಸತ್ತದ್ದನ್ನು ಅಲ್ಲೇ ಕರಗಿಸಿ ಹೀರುತ್ತದೆ."

"ಬಾಯಿಯೇ ಇಲ್ಲದೆ ತಿನ್ನುವುದಾ" ಎಂದು ಉಳಿದ ಅರ್ಧ ಮುಖಕ್ಕೆ ಬಣ್ಣ ಎಳೆಯತೊಡಗಿದರು. ಆ ದಿನ ರಂಗಸ್ಥಳದ ನಾಲ್ಕು ಕಂಬಗಳಲ್ಲಿ ಒಂದರ ಹತ್ತಿರವೂ ಸುಳಿಯದೆ, ನಟ್ಟ ನಡುವೆ ಗಿರಗಿರ ತಿರುಗಿದರು. ಇಂಥ ಕುಣಿತ ನೋಡಿಯೇ ಇಲ್ಲ ಎಂದು ಊರವರು ಶಾಲು ಹೊದಿಸಿದರು.

೩. ಎದ್ದಿದೆ

ಪತ್ತನಾಜೆ ಕಳೆಯಿತು. ಅದೇ ಸಂಜೆ ಸಿಡಿಲು, ಮಳೆ. ಮರುದಿನ ಮಧ್ಯಾಹ್ನ ಬಸ್ಸಿನ ಕಂಡಕ್ಟರ್ ನನ್ನ ರೂಮಿನ ಬಾಗಿಲು ಬಡಿದ. "ಸಿದ್ಧಕಟ್ಟೆಯವರು ಹೇಳಿ ಕಳಿಸಿದ್ದಾರೆ, ನೀವು ಕೂಡಲೇ ಬರಬೇಕಂತೆ. 'ಎದ್ದಿದೆ' ಎಂದು ಹೇಳಿದರೆ ಸಾಕಂತೆ."

ಹೋಗಿ ನೋಡುತ್ತೇನೆ, ಬಾವಿಯ ಆಚೆ ಗೆದ್ದಲು ಮಣ್ಣಿನಲ್ಲಿ ಗೆರಸೆಯಷ್ಟು ಅಗಲದ ಅಣಬೆ. ರಾಕ್ಷಸ ವೇಷದವರು ಒನಕೆ ಹಿಡಿದು ಜಗಲಿಯ ಮೇಲೆ ನಿಂತಿದ್ದಾರೆ.

"ನಿನ್ನೆ ಇರಲಿಲ್ಲ. ಇವತ್ತು ಇಷ್ಟು. ನಾಳೆಗೆ ಎಷ್ಟು ಮಾಸ್ಟ್ರೆ? ದೈವವನ್ನು ಕೇಳುವ ಎಂದರೆ ಪತ್ತನಾಜೆ ಆಗಿ ಹೋಯಿತು, ಇನ್ನು ದೀಪಾವಳಿ ಕಳೆಯಬೇಕು. ನೀವು ಹೇಳಿದ ಮೇಲೆ ಎದ್ದದ್ದು, ನೀವೇ ಕೂರಿಸಿ. ಕೂರಿಸದಿದ್ದರೆ ಹೆಣ್ಣಿನ ಆಸೆ ಬಿಡಿ."

ಮುಂದೆ ಹೆಜ್ಜೆ ಇಟ್ಟೆ. ಗೆದ್ದಲು ಮಣ್ಣು ಎಂದರೆ ಹಾವು ಇರಬಹುದು ಎಂಬುದು ಆಗ ನೆನಪಾಯಿತು. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದೆ, ಬಿ.ಎಸ್ಸಿ. ಉಪಯೋಗಕ್ಕೆ ಬರಲಿಲ್ಲ.

ಅಷ್ಟರಲ್ಲಿ ಹುಡುಗಿ ಕತ್ತಿ ಹಿಡಿದು ಬಂದಳು. ಬುಡಕ್ಕೆ ಒಂದು ಏಟು. ಅಣಬೆ ಬುಟ್ಟಿಯೊಳಗೆ.

"ಮುಟ್ಟಬೇಡ ಮಗಾ" ಎಂದು ಜಗಲಿಯಿಂದ ಕೂಗು.

"ಇದು ಚಿಕ್ಕದು ಅಪ್ಪ. ದೊಡ್ಡದನ್ನು ನೀವು ಏಳುವ ಮೊದಲೇ ಗಸಿ ಮಾಡಿ ಆಗಿದೆ. ಬೆಳಿಗ್ಗೆ ದೋಸೆಗೆ ಮತ್ತೆ ಮತ್ತೆ ಹಾಕಿಸಿಕೊಂಡಿರಲ್ಲ, ಅದೇ."

ಒನಕೆ ಕೆಳಗೆ ಬಿತ್ತು. ಅವರು ಹೊಟ್ಟೆಯ ಮೇಲೆ ಕೈಯಿಟ್ಟು, ತೀರ ಸಣ್ಣ ಸ್ವರದಲ್ಲಿ ಕೇಳಿದರು: "ಮಾಸ್ಟ್ರೆ, ಒಳಗೆ ಹೋದದ್ದು ಬೆಳೆಯುತ್ತದಾ?"

"ಹೆಣ್ಣು ಕೊಡುತ್ತೇನೆಂದು ಮಾತು ಕೊಟ್ಟವರ ಹೊಟ್ಟೆಯಲ್ಲಿ ಬೆಳೆಯುವುದಿಲ್ಲ ಮಾವ" ಎಂದೆ.

ಹಾಗೆ ನಮ್ಮ ಮದುವೆ ನಿಶ್ಚಯವಾದದ್ದು ಸಾವಿರದ ಒಂಬೈನೂರ ಅರವತ್ತೆರಡನೇ ಇಸವಿ, ಪತ್ತನಾಜೆಯ ಮರುದಿನ, ಶುಕ್ರವಾರ.