ತೊಮೆ ಅಜ್ಜಿ ಕೊಟ್ಟ ಚೂರು

ಒಂದೇ ಒಂದು ಚೂರು ಸಿಕ್ಕಿದ್ದರೆ ಒಗುಚಿಯ ಮೂರು ವರ್ಷದ ತಪಸ್ಸು ಮುಗಿಯುತ್ತಿತ್ತು. ನಮ್ಮ ಕಣಿವೆಯ ಪುರಾತತ್ವ ಕೇಂದ್ರದಲ್ಲಿ ಐದು ಸಾವಿರ ವರ್ಷದ ಹಿಂದಿನ ಜೋಮೋನ್ ಕಾಲದ ಒಡೆದ ಮಡಕೆಗಳನ್ನು ಜೋಡಿಸುವುದು ಅವನ ಕೆಲಸ. ಮರುದಿನವೇ ಪ್ರದರ್ಶನ. ಅವನ ಮಡಕೆಯ ಚಿತ್ರ ಆಗಲೇ ರೈಲ್ವೆ ಸ್ಟೇಷನ್ ಗೋಡೆ ಏರಿತ್ತು. ಮಡಕೆಯ ಬಾಯಲ್ಲಿ ಮಾತ್ರ, ಹಲ್ಲು ಬಿದ್ದ ಮುದುಕನ ಹಾಗೆ, ಒಂದು ಸಂದು.

ಬೆಳಿಗ್ಗೆ ಒಂಬತ್ತಕ್ಕೆ ಕೇಂದ್ರದ ಹಿಂಬದಿಯ ಮೂಲಂಗಿ ಹೊಲದ ತೊಮೆ ಅಜ್ಜಿ ಬಂದಳು. ಏಪ್ರನ್ ಜೇಬಿನಿಂದ ಒಂದು ಚೂರು ತೆಗೆದು, "ಉಪ್ಪಿನಕಾಯಿ ಪೀಪಾಯಿ ಅಲ್ಲಾಡ್ತಿತ್ತು ಅಂತ ಅದರ ಕೆಳಗೆ ಇಟ್ಟಿದ್ದೆ. ಇದು ನಿಮ್ದೇನಾ ನೋಡಪ್ಪ," ಅಂದಳು.

ಚೂರು ಸಂದಿನಲ್ಲಿ ಹೇಳಿ ಮಾಡಿಸಿದಂತೆ ಕೂತಿತು. ಒಗುಚಿಗೆ ಕಣ್ಣು ತುಂಬಿ ಬಂತು. ನಮ್ಮಲ್ಲಿ ಉಪಕಾರ ಮಾಡಿದವರನ್ನು ಬರಿಗೈಲಿ ಬಿಡುವಂತಿಲ್ಲ. ಓಡಿಹೋಗಿ ಹೂರಣ ತುಂಬಿದ ಮೋಚಿ ಕಡುಬಿನ ದೊಡ್ಡ ಪೊಟ್ಟಣ ತಂದು ಅವಳ ಮನೆಗೆ ಮುಟ್ಟಿಸಿದ.

ಹತ್ತೂವರೆಗೆ ಅಜ್ಜಿ ಎಂಟು ಮೂಲಂಗಿ ಹೊತ್ತು ಹಾಜರ್. "ಒಂದು ಚೂರಿಗೆ ಅಷ್ಟೊಂದಾ? ನಂಗೆ ನಾಚಿಕೆ ಆಗತ್ತಪ್ಪ."

ಒಗುಚಿ ಚಹಾಪುಡಿ ಡಬ್ಬಿ ಕೊಟ್ಟ. ಹನ್ನೆರಡಕ್ಕೆ ಒಂದು ಮೂಟೆ ಅಕ್ಕಿ ಬಂತು. ಅವನು ಹೊಸ ವರ್ಷಕ್ಕೆಂದು ಎತ್ತಿಟ್ಟಿದ್ದ ಸಾಕೆ ಮದ್ಯದ ಬಾಟಲಿ ಕೊಟ್ಟ.

"ಸಾಕು ನಿಲ್ಲಿಸಿ," ಎಂದಳು ಚೂರು ತೊಳೆಯುವ ಸಹೋದ್ಯೋಗಿ ಹಮಾ. "ಅಜ್ಜಿಗೆ ಹೊಲ ಇದೆ. ನಿಮಗೇನಿದೆ?"

ಎರಡು ಗಂಟೆಗೆ ಅಜ್ಜಿ ಒಂದು ಬುಟ್ಟಿ ಚೂರು ತಂದಿಟ್ಟಳು. "ತಿನ್ನೋದು ಕೊಟ್ರೆ ನೀವು ಸುಮ್ನಿರಲ್ಲ. ಅದಕ್ಕೇ ನಿಮಗಿಷ್ಟ ಆಗೋದನ್ನೇ ತಂದೆ. ಉಳುವಾಗ ಸಿಕ್ಕಿದ್ದನ್ನೆಲ್ಲ ನಮ್ಮೆಜಮಾನ್ರು ಬದುವಿಗೆ ಎಸೀತಿದ್ರು."

ಹಮಾ ನಾಲ್ಕು ಚೂರು ತೊಳೆದು ಮಡಕೆಯ ಪಕ್ಕ ಹಿಡಿದಳು. "ಒಗುಚಿಯವರೇ, ಈ ಬಾಯಿಯ ಕೆಳಗೆ ಕೂರೋದು ಇವು. ನೀವು ಅಂಟಿಸಿರೋ ಹೊಟ್ಟೆ ಬೇರೆ ಮಡಕೇದು."

ಒಗುಚಿ ಮೂರು ಸಲ ನೋಡಿದ. ನಿಜವೇ. ಎರಡು ಬೇರೆ ಮಡಕೆಗಳಿಗೆ ತಾನೇ ಮುಂದೆ ನಿಂತು ಮದುವೆ ಮಾಡಿಸಿದ್ದ.

ಕೇಂದ್ರದ ನಿರ್ದೇಶಕರು ಬಂದು ನೋಡಿ ತಲೆ ಕೆರೆದುಕೊಂಡರು. "ಬಾಯಿ ಆದ್ರೂ ನಿಜ ಅಲ್ವೇನ್ರಿ? ಬಿಡಿಸಿ ಅದನ್ನೇ ಇಡಿ."

ಐದಕ್ಕೆ ಕಾಲು ಗಂಟೆ ಇರುವಾಗ ಮಡಕೆಯ ಬಾಯಿ ಗಾಜಿನ ಪೆಟ್ಟಿಗೆ ಸೇರಿ ಬೀಗ ಬಿತ್ತು. ಸುಳ್ಳು ಮಡಕೆ ತೋರಿಸಿ ಊರೆದುರು ನಗೆಪಾಟಲಾಗುವುದು ತಪ್ಪಿತಲ್ಲ ಎಂದು ಒಗುಚಿ ಮನಸ್ಸಿನಲ್ಲೇ ಅಜ್ಜಿಗೆ ಕೈ ಮುಗಿದ. ಆದರೆ ಈ ಸಲ ಮರುಕಾಣಿಕೆ ಕಳಿಸಬಾರದೆಂದು ಎದೆ ಗಟ್ಟಿ ಮಾಡಿಕೊಂಡ.

ಐದು ಗಂಟೆಗೆ ಬಾಗಿಲಲ್ಲಿ ಟಿಲ್ಲರ್ ಬಂದು ನಿಂತಿತು. ಗಾಡಿಯಲ್ಲಿ ಐದು ಬುಟ್ಟಿ. ಪಕ್ಕದಲ್ಲಿ ಟೋಪಿ ಕೈಯಲ್ಲಿ ಹಿಡಿದ ಅಜ್ಜ.

"ನಿಮ್ಮಿಂದ ಏನೂ ಬರಲಿಲ್ಲ," ಅಂದಳು ಅಜ್ಜಿ, ತಲೆ ತಗ್ಗಿಸಿ. "ಕೊಟ್ಟಿದ್ದು ಹಿಡಿಸಲಿಲ್ಲವೇನೋ ಅಂತ ಇವರಿಗೆ ಒಂದೇ ಸಂಕಟ. ತಪ್ಪಾಯ್ತು. ಬದು ಪೂರ್ತಿ ಅಗೆದು ತಂದಿದೀವಿ."

ಹಮಾ ಮೇಲಿನ ಚೂರೊಂದನ್ನು ತೊಳೆದಳು, ಗಾಜಿನ ಹತ್ತಿರ ಹೋದಳು, ಬಹಳ ಹೊತ್ತು ನೋಡಿದಳು.

"ಬಾಯಿನೂ ಎರಡು ಮಡಕೇದು. ಬೀಗದ ಕೈ ಕೊಡಿ."

ಒಗುಚಿ ಬೀಗದ ಕೈ ಕೊಟ್ಟ. ಆ ಇಬ್ಬರ ಮಣ್ಣು ಮೆತ್ತಿದ ಕೈ ನೋಡಿದ. ಸೊಂಟದ ಮಟ್ಟ ಬಗ್ಗಿ, "ತುಂಬಾ ಉಪಕಾರ ಆಯ್ತು," ಎಂದ, ಮನಸಾರೆ.

ಅಜ್ಜನ ಮುಖ ಅರಳಿತು. "ಅಬ್ಬ, ಹಿಡಿಸಿತಲ್ಲ. ಹಾಗಾದ್ರೆ ನಾಳೆ ಮೇಲಿನ ಹೊಲಾನೂ ಅಗೀತೀನಿ."